ಹಾಬ್ಸನ್-ಜಾಬ್ಸನ್: ಶೋಕದ ಕೂಗೊಂದು ಇಂಗ್ಲಿಷ್ ಪದವಾದ ಬಗೆ

ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ‘ಹಾಬ್ಸನ್-ಜಾಬ್ಸನ್’ ಎಂಬ ಪದ ಸಿಗುತ್ತದೆ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರಲ್ಲೂ ಹೆಚ್ಚಿನವರು ಇದನ್ನು ಕೇಳಿರಲಾರರು. ಮೊದಲ ಸಲ ಕೇಳಿದವರು ಲಂಡನ್ನಿನ ಯಾವುದೋ ಹಳೆಯ ವಕೀಲರ ಕಂಪನಿಯ ಹೆಸರೆಂದುಕೊಂಡರೂ ತಪ್ಪಿಲ್ಲ. ಆದರೆ ಈ ಪದಕ್ಕೂ ಹಾಬ್ಸನ್ ಎಂಬುವನಿಗೂ ಸಂಬಂಧವಿಲ್ಲ, ಜಾಬ್ಸನ್ ಎಂಬುವನಿಗೂ ಸಂಬಂಧವಿಲ್ಲ. ಮೊಹರಂ ಮೆರವಣಿಗೆಯಲ್ಲಿ ಎದೆ ಬಡಿದುಕೊಂಡು ಕೂಗುವ ‘ಯಾ ಹಸನ್! ಯಾ ಹುಸೇನ್!’ ಎಂಬ ಮೊರೆ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರ ಬಾಯಲ್ಲಿ ಹೀಗಾಯಿತು.

ಇಂದು ಈ ಪದಕ್ಕೆ ಮೂರು ಅರ್ಥಗಳಿವೆ. ಮೊದಲನೆಯದು, ಮೊಹರಂ ಆಚರಣೆ, ಅದರಿಂದ ಬೆಳೆದು ಭಾರತೀಯರ ಯಾವುದೇ ಹಬ್ಬದ ಗದ್ದಲ. ಎರಡನೆಯದು, 1886ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪದಕೋಶ. ಮೂರನೆಯದು ಭಾಷಾಶಾಸ್ತ್ರದ ಪರಿಭಾಷೆ: ಪರಭಾಷೆಯ ಪದವನ್ನು ತನ್ನ ಭಾಷೆಯ ಪರಿಚಿತ ಪದದ ರೂಪಕ್ಕೆ ಒಗ್ಗಿಸಿಕೊಳ್ಳುವ ಪ್ರವೃತ್ತಿ. ಸೈನಿಕರ ಬಿಡಾರದಿಂದ ಪುಸ್ತಕದ ರಕ್ಷಾಪುಟಕ್ಕೆ, ಅಲ್ಲಿಂದ ವಿದ್ವಾಂಸರ ಲೇಖನಕ್ಕೆ ಹೋದ ಈ ಪದದ ಬಗ್ಗೆ ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಚರ್ಚೆ ನಡೆದಿದೆ. ಅದು ಬರಿಯ ಕಿವಿಯ ತಪ್ಪೇ, ಭಾಷೆಯ ಸಹಜ ಗುಣವೇ ಅಥವಾ ಆಳುವವರ ಗೇಲಿಯೇ ಎಂಬುದು ಆ ಚರ್ಚೆಯ ತಿರುಳು.

ಮೂಲದ ಕೂಗು

ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನ್ ಕ್ರಿ.ಶ. 680ರ ಅಕ್ಟೋಬರಿನಲ್ಲಿ, ಹಿಜರಿ 61ರ ಮೊಹರಂ ತಿಂಗಳ ಹತ್ತನೆಯ ದಿನ, ಇಂದಿನ ಇರಾಕಿನ ಕರ್ಬಲಾದಲ್ಲಿ ತನ್ನವರೊಂದಿಗೆ ಹತರಾದರು. ಅವರ ಅಣ್ಣ ಹಸನ್ ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಮದೀನಾದಲ್ಲಿ ತೀರಿಕೊಂಡಿದ್ದರು. ವಿಷಪ್ರಾಶನದಿಂದ ಎಂಬುದು ಪರಂಪರೆಯ ನಂಬಿಕೆ. ಸಾವು ಬೇರೆ ಬೇರೆ ಕಾಲದ್ದಾದರೂ ಶೋಕದಲ್ಲಿ ಅಣ್ಣತಮ್ಮಂದಿರ ಹೆಸರು ಜೊತೆಯಾಗಿಯೇ ಬರುತ್ತದೆ. ‘ಯಾ’ ಎಂಬುದು ಅರಬ್ಬಿಯಲ್ಲಿ ಸಂಬೋಧನೆ, ನಮ್ಮ ‘ಓ’ ಇದ್ದ ಹಾಗೆ.

ಈ ಕೂಗನ್ನು ಭಾರತದ ರಸ್ತೆಗಳಲ್ಲಿ ಕೇಳಿದ ಐರೋಪ್ಯರು ತಮಗೆ ಕೇಳಿಸಿದಂತೆ ಬರೆದಿಟ್ಟರು. ಆ ಬರಹಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಪದ ರೂಪುಗೊಂಡ ದಾರಿ ಕಾಣುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜಾನ್ ಫ್ರಯರ್ ನಮ್ಮ ಕಾರವಾರ, ಗೋಕರ್ಣಗಳನ್ನೂ ಕಂಡು ಬರೆದವನು. 1670ರ ದಶಕದ ಅವನ ಬರಹದಲ್ಲಿ ‘ಹೊಸೀನ್ ಗೊಸೀನ್’ ಎಂಬ ರೂಪವಿದೆ. ಇನ್ನೊಂದು ಕಡೆ ‘ಹೊಸಿ ಗೊಸಿ’ ಎಂದಿದೆ. 1720ರ ಮದರಾಸಿನ ಒಂದು ಉಲ್ಲೇಖದಲ್ಲಿ ಅದು ‘ಹೊಸೇನ್ ಜೊಸೆನ್’. ಡಚ್ ಲೇಖಕ ವಾಲೆಂಟೈನ್ ತನ್ನ ದೇಶದವರು ಈ ಶೋಕದ ದಿನಗಳನ್ನು ‘ಯಾಕ್ಸೊಂ ಬಾಕ್ಸೊಂ’ ಎನ್ನುತ್ತಾರೆಂದು 1726ರಲ್ಲಿ ದಾಖಲಿಸಿದ. 1829ರ ಹೊತ್ತಿಗೆ, ಭಾರತದ ಇಂಗ್ಲಿಷರಿಗಾಗಿ ಹೊರಡುತ್ತಿದ್ದ ಒಂದು ಬೇಟೆ-ಆಟಗಳ ಪತ್ರಿಕೆಯಲ್ಲಿ, ಮೊಹರಂ ಮೆರವಣಿಗೆಯಲ್ಲಿ ಹೊರುವ ಗೋರಿಯ ಮಾದರಿಗಳಾದ ತಾಬೂತುಗಳನ್ನು ಕಾಗದದ ಪೆಟ್ಟಿಗೆಗಳೆಂದು ಕರೆಯುವ ಒಬ್ಬ ಸಾಮಾನ್ಯ ಬಿಳಿಯನ ಬಾಯಿಂದ ‘ಹಾಬ್ಸನ್ ಜಾಬ್ಸನ್’ ಎಂಬ ಪೂರ್ಣ ರೂಪವೇ ಹೊರಬರುತ್ತದೆ.

‘ಬ’ಕಾರ ಎಲ್ಲಿಂದ ಬಂತು?

ಪದ ಹೀಗಾದದ್ದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಸೈನಿಕರಿಗೆ ಸರಿಯಾಗಿ ಕೇಳಿಸಲಿಲ್ಲ. ಈ ಮಾತು ಅರ್ಧ ಮಾತ್ರ ನಿಜ.

ಜಕಾರವನ್ನು ಕಿವಿಯ ಲೆಕ್ಕಕ್ಕೆ ಹಾಕಬಹುದು. ನೂರಾರು ಜನ ಎಡೆಬಿಡದೆ ಕೂಗುವಾಗ ‘ಯಾ’ ಮುಂದಿನ ಹೆಸರಿಗೆ ಅಂಟಿಕೊಳ್ಳುತ್ತದೆ. ‘ಯಾಹುಸೇನ್’ ಎಂಬುದು ‘ಜೊಸೆನ್’ ಆಗುವುದು ದೂರದ ಹಾದಿಯಲ್ಲ. ಯಕಾರ ಜಕಾರವಾಗುವುದು ಕನ್ನಡಿಗರಿಗೆ ಹೊಸತೂ ಅಲ್ಲ. ಯಾತ್ರೆಯನ್ನು ನಾವು ಜಾತ್ರೆ ಮಾಡಿಕೊಂಡಿದ್ದೇವೆ, ಯಶವನ್ನು ಹಳಗನ್ನಡದ ಕವಿಗಳು ಜಸವೆಂದರು. ಆದರೆ ಹಸನ್ ಎಂಬಲ್ಲಾಗಲಿ ಹುಸೇನ್ ಎಂಬಲ್ಲಾಗಲಿ ಬಕಾರದ ಸುಳಿವೇ ಇಲ್ಲ. ಎಷ್ಟು ಮಂದ ಕಿವಿಗೂ ಅಲ್ಲಿ ‘ಬ್’ ಕೇಳಿಸಲು ಕಾರಣವಿಲ್ಲ. ಅದು ಬಂದದ್ದು ಇಂಗ್ಲೆಂಡಿನಿಂದ. ಹಾಬ್ಸನ್ ಎಂದರೆ ಹಾಬ್‌ನ ಮಗ, ಜಾಬ್ಸನ್ ಎಂದರೆ ಜಾಬ್‌ನ ಮಗ. ಎರಡೂ ಆ ದೇಶದ ಹಳೆಯ ಮನೆತನದ ಹೆಸರುಗಳು. ಕೇಂಬ್ರಿಜ್‌ನಲ್ಲಿ ಬಾಡಿಗೆ ಕುದುರೆ ಕೊಡುತ್ತಿದ್ದ ಥಾಮಸ್ ಹಾಬ್ಸನ್ 1631ರಲ್ಲಿ ಸತ್ತಾಗ ಕವಿ ಮಿಲ್ಟನ್ ಅವನ ಮೇಲೆ ಪದ್ಯ ಬರೆದಿದ್ದ. ಬಾಗಿಲ ಹತ್ತಿರ ನಿಂತ ಕುದುರೆಯನ್ನೇ ಒಯ್ಯಬೇಕು, ಇಲ್ಲವೇ ಬರಿಗೈಲಿ ಹೋಗಬೇಕು ಎಂಬ ಅವನ ಕಟ್ಟುಪಾಡು ಇಂದಿಗೂ ಇಂಗ್ಲಿಷಿನ ನುಡಿಗಟ್ಟು. ಜಾಬ್ಸನ್ ಎಂಬುದು 18ನೆಯ ಶತಮಾನದ ಒಂದು ಜನಪ್ರಿಯ ಹಾಡುನಾಟಕದಲ್ಲಿ ಚಮ್ಮಾರನ ಹೆಸರು. ಹೀಗೆ ಇಬ್ಬರೂ ನಗೆಪಾಟಲಿಗೆ ಒದಗುವ, ಎಲ್ಲರಿಗೂ ಗೊತ್ತಿದ್ದ ಹೆಸರಿನವರು.

ಇನ್ನೊಂದು ಕಾರಣ ಪ್ರಾಸದ ಚಪಲ. ಇಂಗ್ಲಿಷಿನಲ್ಲಿ ಹೋಕಸ್-ಪೋಕಸ್, ಹೆಲ್ಟರ್-ಸ್ಕೆಲ್ಟರ್ ಎಂಬಂಥ ಜೋಡುನುಡಿಗಳು ಹೇರಳ. ಅವುಗಳಲ್ಲಿ ಬಹುಪಾಲಿಗೆ ಗೊಂದಲ, ಕಣ್ಕಟ್ಟು, ಮಕ್ಕಳಾಟದ ಛಾಯೆಯಿದೆ. ಕನ್ನಡದಲ್ಲಿ ನಾವು ‘ಪುಸ್ತಕ ಗಿಸ್ತಕ’, ‘ಹಬ್ಬ ಗಿಬ್ಬ’ ಎನ್ನುವಾಗಲೂ ಎರಡನೆಯ ಪದ ಮೊದಲಿನದರ ತೂಕವನ್ನು ಕೊಂಚ ಇಳಿಸಿಬಿಡುತ್ತದೆ. ಅಣ್ಣತಮ್ಮಂದಿರ ಎರಡು ಬೇರೆ ಹೆಸರುಗಳು ಇಂಥ ಜೋಡುನುಡಿಯಾದಾಗ ಇಬ್ಬರು ವ್ಯಕ್ತಿಗಳು ಮಾಯವಾಗಿ ಒಂದು ಸದ್ದು ಮಾತ್ರ ಉಳಿಯುತ್ತದೆ. ಡಚ್ಚರ ‘ಯಾಕ್ಸೊಂ ಬಾಕ್ಸೊಂ’ ನೋಡಿದರೆ ಈ ಚಪಲ ಇಂಗ್ಲಿಷರೊಬ್ಬರದೇ ಆಗಿರಲಿಲ್ಲವೆಂದು ತಿಳಿಯುತ್ತದೆ.

ಮೇಲಿನ ದಾಖಲೆಗಳ ಕ್ರಮವೂ ಇದನ್ನೇ ಹೇಳುತ್ತದೆ. ಮೊದಲು ಪ್ರಾಸ ಬಂತು, ಆಮೇಲೆ ಜಕಾರ ಬಂತು, ಊರಿನ ಪರಿಚಿತ ಹೆಸರುಗಳು ಬಂದು ಕೂತದ್ದು ಕೊನೆಯಲ್ಲಿ. ಒಂದೂವರೆ ಶತಮಾನ ಹಿಡಿದ ಈ ಕೆಲಸವನ್ನು ಬರಿಯ ಕಿವಿಯ ತಪ್ಪು ಎನ್ನಲಾಗದು.

ಯೂಲ್ ಮತ್ತು ಬರ್ನೆಲ್

ಹೆನ್ರಿ ಯೂಲ್ (1820–1889) ಬಂಗಾಳ ಎಂಜಿನಿಯರ್ಸ್ ದಳದ ಅಧಿಕಾರಿ. ನಿವೃತ್ತನಾದ ಮೇಲೆ ಮಾರ್ಕೋ ಪೋಲೋನ ಪ್ರವಾಸಕಥನವನ್ನು ಅನುವಾದಿಸಿ, ಟಿಪ್ಪಣಿ ಬರೆದು 1871ರಲ್ಲಿ ಪ್ರಕಟಿಸಿದ ವಿದ್ವಾಂಸ. ಆರ್ಥರ್ ಕೋಕ್ ಬರ್ನೆಲ್ (1840–1882) ಮದರಾಸು ಸಿವಿಲ್ ಸರ್ವಿಸ್‌ನವನು. ಬದುಕಿದ್ದು ನಲವತ್ತೆರಡು ವರ್ಷವಾದರೂ ದಕ್ಷಿಣ ಭಾರತದ ಭಾಷೆ, ಲಿಪಿ, ಹಸ್ತಪ್ರತಿಗಳ ಅಧ್ಯಯನದಲ್ಲಿ ಮಾಡಿದ ಕೆಲಸ ದೊಡ್ಡದು. ತಂಜಾವೂರು ಅರಮನೆಯ ಸಂಸ್ಕೃತ ಹಸ್ತಪ್ರತಿಗಳ ಸೂಚಿ ಅವನದು.

ಕರ್ನಾಟಕದ ಓದುಗರಿಗೆ ಬರ್ನೆಲ್ ಅಪರಿಚಿತನಾಗಬೇಕಿಲ್ಲ. ಅವನು ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ. ದಕ್ಷಿಣ ಭಾರತದ ಲಿಪಿಗಳ ಬೆಳವಣಿಗೆಯನ್ನು ಕುರಿತ ಅವನ ಪ್ರಸಿದ್ಧ ಗ್ರಂಥ ಮೊದಲು ಅಚ್ಚಾದದ್ದು 1874ರಲ್ಲಿ, ಅದೇ ಊರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದದ್ದೂ ಅಲ್ಲಿಂದಲೇ. ತುಳುನಾಡಿನ ಭೂತಾರಾಧನೆಯ ಬಗ್ಗೆ, ಪಾಡ್ದನಗಳ ಬಗ್ಗೆ ಬರ್ನೆಲ್ ಕಲೆಹಾಕಿದ್ದ ಸಾಮಗ್ರಿ ಅವನ ಮರಣಾನಂತರ 1894ರಿಂದ ‘ಇಂಡಿಯನ್ ಆ್ಯಂಟಿಕ್ವರಿ’ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು. ತುಳು ಜಾನಪದದ ಚರಿತ್ರೆ ಬರೆಯುವವರು ಇಂದಿಗೂ ಅದನ್ನು ದಾಟಿ ಹೋಗುವಂತಿಲ್ಲ.

ಯೂಲ್ ಮತ್ತು ಬರ್ನೆಲ್ ಲಂಡನ್ನಿನಲ್ಲಿ ಭೇಟಿಯಾದದ್ದು 1872ರಲ್ಲಿ. ಭಾರತದ ಇಂಗ್ಲಿಷರು ದಿನಬಳಕೆಯಲ್ಲಿ ಆಡುತ್ತಿದ್ದ ದೇಶೀ ಮೂಲದ ಪದಗಳ ಕೋಶ ಮಾಡಬೇಕೆಂಬ ಆಸೆ ಇಬ್ಬರಿಗೂ ಬೇರೆಬೇರೆಯಾಗಿಯೇ ಹುಟ್ಟಿತ್ತು. ಹತ್ತು ವರ್ಷ ಪತ್ರಗಳ ಮೂಲಕ ಕೆಲಸ ನಡೆಯಿತು. ಬರ್ನೆಲ್ ತೀರಿಕೊಂಡ ಮೇಲೆ ಯೂಲ್ ಒಬ್ಬನೇ ಅದನ್ನು ಮುಗಿಸಿದ. 1886ರಲ್ಲಿ ಜಾನ್ ಮರ್ರೆ ಪ್ರಕಾಶನದಿಂದ ಹೊರಬಂದ ಗ್ರಂಥವನ್ನು ವಿಲಿಯಂ ಕ್ರೂಕ್ 1903ರಲ್ಲಿ ವಿಸ್ತರಿಸಿದಾಗ ಅದು ಸಾವಿರ ಪುಟ ಮೀರಿತು.

ಹೆಸರಿಟ್ಟ ಕತೆಯನ್ನು ಯೂಲ್ ಮುನ್ನುಡಿಯಲ್ಲಿ ಮರೆಮಾಚದೆ ಹೇಳಿದ್ದಾನೆ. ಅವನ ಸ್ನೇಹಿತನೊಬ್ಬ ಒಳ್ಳೆಯ ಪುಸ್ತಕ ಬರೆದು, ‘ಮೂರು ಪ್ರಬಂಧಗಳು’ ಎಂಬ ಸಪ್ಪೆ ಹೆಸರಿಟ್ಟು, ಮಾರಾಟವಾಗದೆ ಕೈಸುಟ್ಟುಕೊಂಡಿದ್ದ. ಬರಿಯ ‘ಪದಕೋಶ’ ಎಂದರೆ ತನ್ನ ಪುಸ್ತಕಕ್ಕೂ ಅದೇ ಗತಿಯೆಂದು ಯೂಲ್ ಹೆದರಿದ. ಒಳಗಿನ ಸರಕಿನ ಸ್ವರೂಪವನ್ನು ತೋರುವ ಸ್ವಾರಸ್ಯದ ಮಾದರಿಯಾಗಿ, ಜೊತೆಗೆ ಪುಸ್ತಕಕ್ಕೆ ಇಬ್ಬರು ಕರ್ತೃಗಳಿದ್ದಾರೆಂಬ ಗುಟ್ಟಿನ ಸೂಚನೆಯಾಗಿ ‘ಹಾಬ್ಸನ್-ಜಾಬ್ಸನ್’ ಎಂದು ಹೆಸರಿಟ್ಟ. ಮುನ್ನುಡಿಯಲ್ಲಿ ಈ ನುಡಿ ಅಪರೂಪವಾಗಿ ಸಾಯುವ ಹಂತದಲ್ಲಿದೆ ಎನ್ನುವ ಅವನು, ಕೋಶದ ಒಳಗೆ, ಪಂಜಾಬಿನ ಬ್ರಿಟಿಷ್ ಸೈನಿಕರ ಬಾಯಲ್ಲಿ ಅದಿನ್ನೂ ಜೀವಂತವಾಗಿದೆ ಎಂದು ತನ್ನ ಗೆಳೆಯ ಮೇಜರ್ ಒಬ್ಬನ ಸಾಕ್ಷ್ಯ ಕೊಡುತ್ತಾನೆ. ಸಾಯುತ್ತಿದ್ದ ಪದಕ್ಕೆ ಮರುಹುಟ್ಟು ಕೊಟ್ಟದ್ದು ಪುಸ್ತಕವೇ. ಪುಸ್ತಕವಿಲ್ಲದಿದ್ದರೆ ಇಂದು ಯಾರೂ ಆ ಪದದ ಮೂಲ ಹುಡುಕುತ್ತಿರಲಿಲ್ಲ.

ಒಳಗಿನ ಸರಕು ನಿಜಕ್ಕೂ ಶ್ರೀಮಂತ. ಪ್ರತಿ ಪದಕ್ಕೂ ಇಸವಿ ಸಹಿತ ಹಳೆಯ ಬಳಕೆಗಳನ್ನು ಸಾಲಾಗಿ ಕೊಟ್ಟಿರುವುದು ಅದರ ದೊಡ್ಡ ಬಲ. ಬರ್ಮಾದಿಂದ 1755ರಲ್ಲಿ ಬಂದ ಒಂದು ಪತ್ರದಲ್ಲಿ ‘ಯುವರಾಜ’ನು ‘ಅಪ್ಪರ್ ರಾಜರ್’ ಆಗಿದ್ದಾನೆ. ಬಂಗಾಳದ ನವಾಬ ಸಿರಾಜುದ್ದೌಲನು ‘ಸರ್ ರಾಜರ್ ಡೌಲರ್’ ಆಗಿ ಇಂಗ್ಲೆಂಡಿನ ಜಹಗೀರುದಾರರ ಪಂಕ್ತಿಗೆ ಸೇರಿದ್ದಾನೆ. ಅಲಹಾಬಾದ್ ‘ಐಲ್ ಓ ಬ್ಯಾಟ್ಸ್’, ಎಂದರೆ ಬಾವಲಿಗಳ ದ್ವೀಪ. ಇವೆಲ್ಲಕ್ಕಿಂತ ಭಯಾನಕ ಉದಾಹರಣೆ ಕಾಲರಾದ್ದು. ಕೊಂಕಣಿ-ಮರಾಠಿಯ ‘ಮೋಡಶಿ’ ಪೋರ್ಚುಗೀಸರ ಬಾಯಲ್ಲಿ ‘ಮೊರ್ದೆಶಿಂ’ ಆಯಿತು. ಅದು ಫ್ರೆಂಚರ ಕಿವಿಗೆ ಬಿದ್ದು ‘ಮೋರ್-ದ-ಶಿಯಾಂ’, ಎಂದರೆ ‘ನಾಯಿಯ ಸಾವು’ ಆಯಿತು. ವಾಂತಿಭೇದಿಯಿಂದ ಸಾಯುವ ರೋಗಕ್ಕೆ ಆ ಅರ್ಥ ಎಷ್ಟು ಹೊಂದಿತೆಂದರೆ, ಮೂಲ ಪದ ಭಾರತದ್ದೆಂಬುದನ್ನೇ ಜನ ಮರೆತರು.

ನಿಯಮವಾದದ್ದು

ಯೂಲನ ತಮಾಷೆಯ ಶೀರ್ಷಿಕೆ ಬೇಗನೆ ಶಾಸ್ತ್ರದ ಮಾತಾಯಿತು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ಭಾರತೀಯ ಮೂಲದ ಪದಗಳಿಗೆ ಈ ಕೋಶವನ್ನೇ ಆಶ್ರಯಿಸಿದ. ಮೆಲ್ಬರ್ನ್‌ನ ಪ್ರೊಫೆಸರ್ ಎಡ್ವರ್ಡ್ ಎಲಿಸ್ ಮಾರಿಸ್ 1898ರಲ್ಲಿ ಪ್ರಕಟಿಸಿದ ಆಸ್ಟ್ರೇಲಿಯಾದ ಇಂಗ್ಲಿಷ್ ಪದಗಳ ನಿಘಂಟಿನಲ್ಲಿ ‘ಹಾಬ್ಸನ್-ಜಾಬ್ಸನ್ ನಿಯಮ’ ಎಂಬ ಮಾತನ್ನು ಬಳಸಿದ. ನ್ಯೂಜಿಲೆಂಡಿನ ಮಾವೊರಿ ಜನರ ‘ಪಿರಿಪಿರಿ’ ಎಂಬ ಅಂಟುಕಾಯಿಯ ಗಿಡ ಇಂಗ್ಲಿಷರ ಬಾಯಲ್ಲಿ ‘ಬಿಡಿಬಿಡಿ’ ಆದಂಥವು ಈ ನಿಯಮದ ಉದಾಹರಣೆಗಳು. ಸ್ಪಾನಿಷ್‌ನ ಜಿರಲೆ ‘ಕುಕರಾಚ’ ಇಂಗ್ಲಿಷಿನಲ್ಲಿ ‘ಕಾಕ್‌ರೋಚ್’ ಆದದ್ದೂ ಇದೇ ಬಗೆ. ಜಿರಲೆಗೂ ಹುಂಜಕ್ಕೂ ನಂಟಿಲ್ಲ, ಆದರೂ ಹುಂಜ ಬಂದು ಸೇರಿಕೊಂಡಿದೆ.

ಇದಕ್ಕೆ ಮೊದಲೇ, 1852ರಲ್ಲಿ, ಜರ್ಮನ್ ವಿದ್ವಾಂಸ ಅರ್ನ್‌ಸ್ಟ್ ಫೋರ್ಸ್ಟೆಮಾನ್ ಇಂಥ ಬದಲಾವಣೆಗಳಿಗೆ ‘ಜನಪದ ನಿರುಕ್ತಿ’ ಎಂಬ ಅರ್ಥದ ಹೆಸರು ಕೊಟ್ಟಿದ್ದ. ಎರಡರ ನಡುವೆ ಗೆರೆ ಎಳೆಯುವುದು ಕಷ್ಟ. ಜನಪದ ನಿರುಕ್ತಿಯಲ್ಲಿ ಪದಕ್ಕೆ ಒಂದು ಕತೆ ಹುಟ್ಟುತ್ತದೆ. ಸುಮಾರು ಕ್ರಿ.ಶ. 900ರ ಬೇಗೂರು ಶಾಸನದಲ್ಲೇ ಬೆಂಗಳೂರಿನ ಹೆಸರಿದ್ದರೂ, ಅದಕ್ಕೆ ಶತಮಾನಗಳ ಮೇಲೆ ಆಳಿದ ವೀರಬಲ್ಲಾಳ ಬೆಂದ ಕಾಳು ತಿಂದ ಕತೆಯನ್ನು ನಾವು ಬಿಟ್ಟಿಲ್ಲ. ಹಾಬ್ಸನ್-ಜಾಬ್ಸನ್‌ನಲ್ಲಿ ಕತೆ ಬೇಕಿಲ್ಲ. ಪರಿಚಿತ ಸದ್ದು ಸಿಕ್ಕರೆ ಸಾಕು.

ನಮ್ಮ ವ್ಯಾಕರಣ ಪರಂಪರೆಯ ತದ್ಭವ ಇವೆರಡಕ್ಕಿಂತ ಬೇರೆ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಪದಗಳು ಕನ್ನಡವಾಗುವ ಬಗೆಯನ್ನು ಸೂತ್ರಗಳಲ್ಲಿ ಕಟ್ಟಿದ್ದಾನೆ. ಕಾವ್ಯ ಕಬ್ಬವಾಗುವುದು, ಋಷಿ ರಿಸಿಯಾಗುವುದು, ವಿದ್ಯೆ ಬಿಜ್ಜೆಯಾಗುವುದು ಧ್ವನಿಯ ಕಟ್ಟಳೆಗೆ ಒಳಪಟ್ಟ ಬದಲಾವಣೆಗಳು. ಒಂದು ಪದಕ್ಕೆ ಆದದ್ದು ಅಂಥದೇ ಇನ್ನೊಂದಕ್ಕೂ ಆಗುತ್ತದೆ. ಹಾಬ್ಸನ್-ಜಾಬ್ಸನ್‌ಗೆ ಅಂಥ ಕಟ್ಟಳೆಯಿಲ್ಲ. ಹಸನ್ ಹಾಬ್ಸನ್ ಆದನೆಂದು ಬೇರೆ ಪದಗಳಲ್ಲಿ ಬಕಾರ ಬಂದು ಸೇರುವುದಿಲ್ಲ. ಹಾಗಾಗಿ ‘ನಿಯಮ’ ಎಂಬ ಮಾತು ಇಲ್ಲಿ ಸಡಿಲ. ಪ್ರವೃತ್ತಿ ಎಂದರೆ ಹೆಚ್ಚು ಸರಿ.

ಎದುರು ದಾರಿ

ಈ ಪ್ರವೃತ್ತಿ ಆಳುವವರ ಸ್ವತ್ತಾಗಿರಲಿಲ್ಲ. ಬ್ರಿಟಿಷ್ ಪಹರೆಯವನು ‘ಅಲ್ಲಿ ಬರುವವರು ಯಾರು?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದ ‘ಹೂ ಕಮ್ಸ್ ದೇರ್’ ಎಂಬ ಪ್ರಶ್ನೆ ಭಾರತೀಯ ಸಿಪಾಯಿಗಳ ಬಾಯಲ್ಲಿ ‘ಹುಕುಂದಾರ್’ ಆಯಿತು. ಆಜ್ಞೆ ಎಂಬ ಅರ್ಥದ ‘ಹುಕುಂ’ ಅದರಲ್ಲಿ ತಾನಾಗಿ ಬಂದು ಕೂತಿತು. ಹೈದರಾಬಾದಿನ ನಿಜಾಮನ ಸೈನ್ಯದಲ್ಲಿದ್ದು 1798ರಲ್ಲಿ ತೀರಿಕೊಂಡ ಫ್ರೆಂಚ್ ಸೇನಾನಿ ಮುಸ್ಯೋ ರೇಮೊನನ್ನು ಮುಸ್ಲಿಮರು ‘ಮೂಸಾ ರಹೀಂ’ ಎಂದರು, ಹಿಂದೂಗಳು ‘ಮೂಸಾರಾಂ’ ಎಂದರು. ಆ ನಗರದ ಮೂಸಾರಾಂಬಾಗ್ ಬಡಾವಣೆಯ ಹೆಸರಲ್ಲಿ ಅವನು ಇಂದಿಗೂ ಇದ್ದಾನೆ. ಚೆನ್ನೈನಲ್ಲಿ ಹೇಳುವ ಕತೆ ಇನ್ನೂ ಸೊಗಸು. ಹ್ಯಾಮಿಲ್ಟನ್ ಸೇತುವೆ ತಮಿಳರ ಬಾಯಲ್ಲಿ ‘ಅಂಬಟ್ಟನ್’ ಆಯಿತು; ಆ ಪದಕ್ಕೆ ತಮಿಳಿನಲ್ಲಿ ಕ್ಷೌರಿಕ ಎಂದು ಅರ್ಥ. ಅದನ್ನು ಇಂಗ್ಲಿಷರು ಪುನಃ ತಮ್ಮ ಭಾಷೆಗೆ ತಿರುಗಿಸಿ ‘ಬಾರ್ಬರ್ಸ್ ಬ್ರಿಡ್ಜ್’ ಮಾಡಿಕೊಂಡರಂತೆ.

ಎಲ್ಲರೂ ಮಾಡುವುದೇ ಆದರೆ ಆಕ್ಷೇಪವೇಕೆ? ಇಲ್ಲಿ ವಿಮರ್ಶಕರ ಮಾತು ಬರುತ್ತದೆ. ಸಲ್ಮಾನ್ ರಶ್ದಿ 1985ರಲ್ಲಿ ಈ ಕೋಶದ ಬಗ್ಗೆ ಬರೆದ ಪ್ರಬಂಧದಲ್ಲಿ ಅದನ್ನು ಬ್ರಿಟಿಷ್ ಆಳ್ವಿಕೆಯ ಸ್ಮಾರಕವಾಗಿ ಕಂಡು, ಸವಿಯುತ್ತಲೇ ಗಂಭೀರವಾಗಿ ತೂಗಿದರು. ನಾಟಕಕಾರ ಟಾಮ್ ಸ್ಟಾಪರ್ಡ್ ‘ಇಂಡಿಯನ್ ಇಂಕ್’ ನಾಟಕದಲ್ಲಿ ಒಬ್ಬ ಇಂಗ್ಲಿಷ್ ಕವಯಿತ್ರಿ ಮತ್ತು ಒಬ್ಬ ಭಾರತೀಯ ಚಿತ್ರಕಾರ ಇಂಥ ಪದಗಳನ್ನು ಒಂದೇ ವಾಕ್ಯದಲ್ಲಿ ಪೋಣಿಸುವ ಪಂದ್ಯ ಆಡುವಂತೆ ಮಾಡಿದರು. 2013ರಲ್ಲಿ ಕೋಶದ ಸಂಗ್ರಹಾವೃತ್ತಿಯನ್ನು ಸಂಪಾದಿಸಿದ ಕೇಟ್ ಟೆಲ್ಷರ್ ಅದನ್ನು ಸಾಮ್ರಾಜ್ಯದ ಚರಿತ್ರೆಯ ದಾಖಲೆಯಾಗಿ ಓದಿದರು. ಹಾಬ್ಸನ್, ಜಾಬ್ಸನ್ ಎಂಬುವು ಆ ಕಾಲದ ಓದುಗರಿಗೆ ಹಳ್ಳಿಗಮಾರರ ಹೆಸರುಗಳಾಗಿ ಕೇಳಿಸುತ್ತಿದ್ದವು, ಹಾಗಾಗಿ ಶೀರ್ಷಿಕೆ ಗಂಭೀರ ಗ್ರಂಥಕ್ಕೆ ಒಪ್ಪುವಂಥದಾಗಿರಲಿಲ್ಲ ಎಂದು ತೋರಿಸಿಕೊಟ್ಟ ಅಧ್ಯಯನಗಳೂ ಬಂದಿವೆ.

ಅದೇ ಕೂಗು, ಉತ್ತರ ಕರ್ನಾಟಕದಲ್ಲಿ

ಈ ಚರ್ಚೆಗೆ ಕನ್ನಡ ನಾಡು ಒಂದು ಸಾಕ್ಷ್ಯ ಒದಗಿಸುತ್ತದೆ. ರಾಯಚೂರು, ಕೊಪ್ಪಳ, ಕಲಬುರಗಿ, ವಿಜಯಪುರ, ಬಳ್ಳಾರಿ, ಗದಗ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಎಂದರೆ ಅಲಾಯಿ ಹಬ್ಬ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಹಿಂದೂಗಳೇ ಪೀರಲ ದೇವರನ್ನು ಕೂರಿಸುತ್ತಾರೆ, ಅಲಾಯಿ ಕುಣಿ ಎಂಬ ಬೆಂಕಿಯ ಗುಂಡಿ ತೋಡುತ್ತಾರೆ, ಹರಕೆ ಹೊರುತ್ತಾರೆ. ಮುದಗಲ್ಲಿನ ಹಬ್ಬಕ್ಕೆ ಸುತ್ತಲ ಜಿಲ್ಲೆಗಳಿಂದ ಜನ ನೆರೆಯುತ್ತಾರೆ. ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಈ ಆಚರಣೆಯ ವಿಸ್ತಾರವನ್ನು ಕನ್ನಡ ಓದುಗರ ಮುಂದಿಟ್ಟಿದೆ.

ಇಲ್ಲಿಯೂ ಹಸನ್-ಹುಸೇನರ ಹೆಸರು ಬದಲಾಗಿದೆ. ‘ಹಸೇನ-ಹುಸೇನ’ ಎಂದು ಪ್ರಾಸ ಕೂಡಿದೆ. ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳಲ್ಲಿ ಕರ್ಬಲಾದ ಕದನ ಕನ್ನಡದ ಲಾವಣಿಯ ಧಾಟಿಗೆ ಇಳಿದಿದೆ. ಹರಕೆಯಿಂದ ಹುಟ್ಟಿದ ಮಕ್ಕಳಿಗೆ ಹುಸೇನಪ್ಪ, ಹುಸೇನಮ್ಮ, ಪೀರಪ್ಪ ಎಂದು ಹೆಸರಿಡುತ್ತಾರೆ. ಭಾಷೆಯ ದೃಷ್ಟಿಯಿಂದ ನೋಡಿದರೆ ಬ್ರಿಟಿಷ್ ಸೈನಿಕ ಮಾಡಿದ್ದನ್ನೇ ರಾಯಚೂರಿನ ರೈತನೂ ಮಾಡಿದ್ದಾನೆ. ಇಬ್ಬರೂ ಪರಭಾಷೆಯ ಹೆಸರನ್ನು ತಮ್ಮ ಮನೆಯ ಹೆಸರುಗಳ ಸಾಲಿಗೆ ತಂದಿದ್ದಾರೆ. ರೈತ ಹುಸೇನನನ್ನು ಉಳಿಸಿಕೊಂಡು ‘ಅಪ್ಪ’ನನ್ನು ಸೇರಿಸಿದ, ಏಕೆಂದರೆ ಆ ಶೋಕದಲ್ಲಿ ಅವನೂ ಪಾಲುದಾರ. ಸೈನಿಕನಿಗೆ ಅದು ರಸ್ತೆಯ ಆಚೆ ಬದಿಯ ತಮಾಷೆ. ಹುಸೇನ್ ಯಾರೆಂದು ತಿಳಿಯುವ ಅಗತ್ಯ ಅವನಿಗಿರಲಿಲ್ಲ.

ಹೀಗಾಗಿ ಪದವನ್ನು ಒಗ್ಗಿಸಿಕೊಳ್ಳುವುದು ತಪ್ಪಲ್ಲ, ಅದು ಎಲ್ಲ ಭಾಷೆಗಳ ಉಸಿರಾಟ. ತಪ್ಪಿರುವುದು ಹೆಸರಿನ ಹಿಂದಿರುವ ಮನುಷ್ಯನನ್ನು ಅಳಿಸಿಹಾಕಿದ್ದರಲ್ಲಿ. ಸೈನಿಕರ ಬಾಯಲ್ಲಿ ಅದು ಅಜ್ಞಾನ. ಮೂಲ ಗೊತ್ತಿದ್ದ ಯೂಲ್ ಅದನ್ನೇ ಸ್ವಾರಸ್ಯವೆಂದು ರಕ್ಷಾಪುಟದ ಮೇಲೆ ಏರಿಸಿದ್ದು ಆಯ್ಕೆ. ಅಷ್ಟಾದರೂ ಗ್ರಂಥದ ಒಳಗಿನ ವಿದ್ವತ್ತಿಗೆ ಇದರಿಂದ ಕುಂದಿಲ್ಲ. ಪದದ ಹುಟ್ಟನ್ನು ಅಡಗಿಸದೆ, ಫ್ರಯರನಿಂದ ಹಿಡಿದು ಎಲ್ಲ ಸಾಕ್ಷ್ಯಗಳನ್ನು ಇಸವಿ ಸಮೇತ ಕೊಟ್ಟದ್ದರಿಂದಲೇ ನಾವಿಂದು ಅದನ್ನು ಪರೀಕ್ಷಿಸಬಲ್ಲೆವು.

ಕನ್ನಡದಲ್ಲಿ ಪದಗಳ ಹುಟ್ಟುಬೆಳವಣಿಗೆಯ ಕುತೂಹಲಕ್ಕೆ ಬರವಿಲ್ಲ. ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’ಯನ್ನು ಓದುಗರು ಇಂದಿಗೂ ಹುಡುಕಿ ಓದುತ್ತಾರೆ. ಆದರೆ ಅರಬ್ಬಿ, ಫಾರಸಿ, ಪೋರ್ಚುಗೀಸ್, ಇಂಗ್ಲಿಷ್‌ಗಳಿಂದ ಬಂದ ಪದಗಳು ಯಾವ ಕಡತದಲ್ಲಿ, ಯಾವ ಹಾಡಿನಲ್ಲಿ, ಯಾವ ವರ್ಷ ಮೊದಲು ಕಾಣಿಸಿದವು ಎಂದು ಸಾಲಾಗಿ ತೋರಿಸುವ ಕೆಲಸಕ್ಕೆ ಇನ್ನೂ ಬಹಳ ಜಾಗವಿದೆ. ರಿವಾಯತ್ ಪದಗಳ ಹಸ್ತಪ್ರತಿಗಳಿಂದ ಅದನ್ನು ಶುರುಮಾಡಬಹುದು. ಆ ಕೆಲಸಕ್ಕೆ ಇಳಿಯುವ ತರುಣ ಸಂಶೋಧಕರು ಯೂಲ್-ಬರ್ನೆಲ್ಲರ ವಿಧಾನವನ್ನು ಅವಶ್ಯವಾಗಿ ಅನುಸರಿಸಲಿ. ಅವರ ಶೀರ್ಷಿಕೆಯನ್ನು ಮಾತ್ರ ಅನುಸರಿಸುವುದು ಬೇಡ.